ಆ ಏರುದಾರಿಯಲ್ಲಿ ಕೈ ಹಿಡಿದವರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ. ಕಲ್ಲುದಾರಿಯ ಏರಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದ ಹಳೇ ಫೋರ್ ವೀಲ್ ಗಾಡಿ ನನ್ನದು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿತ್ತು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಲು ಹೊರಟಿದ್ದೆ. ನೀವು ಓಡಿ ಬಂದು ಮಣಿಕಟ್ಟು ಹಿಡಿದಿರಿ. ಒತ್ತಡದಲ್ಲಿರುವ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಕ್ಷಣ ಉಕ್ಕಿ ಮುಖಕ್ಕೇ ಹಾರುತ್ತದೆ ಎಂದಿರಿ. ಇವತ್ತು ನನ್ನ ಮುಖ ನೆಟ್ಟಗಿದ್ದರೆ ಅದು ನಿಮ್ಮಿಂದ.

ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹೆದ್ದಾರಿಯಲ್ಲೂ ಬಿಸಿಯಾಗುತ್ತಾ?" ಇಲ್ಲ, ನಿಧಾನಕ್ಕೆ ಹತ್ತುವಾಗ ಮಾತ್ರ ಎಂದೆ. ನೀವು ನಕ್ಕಿರಿ. ಎಂಜಿನ್ ಆಫ್ ಆಗಿದೆಯೆಂದು ನೋಡಿಕೊಂಡು ಫ್ಯಾನನ್ನು ಬೆರಳಲ್ಲಿ ತಳ್ಳಿದಿರಿ. ಗಿರಗಿಟ್ಲೆಯಂತೆ ತಿರುಗಿತು. ಎಂಜಿನ್ ಬಿಸಿ ಇದ್ದಾಗ ಅದು ಬಿಗಿಯಾಗಿರಬೇಕಂತೆ. ಬಿಸಿಯಾದಾಗ ಫ್ಯಾನನ್ನು ಎಂಜಿನ್ ಜೊತೆ ಬಿಗಿಯಾಗಿ ತಿರುಗಿಸುವ ಫ್ಯಾನ್ ಕ್ಲಚ್, ಒಳಗಿನ ಸಿಲಿಕೋನ್ ಎಣ್ಣೆ ಸೋರಿ ಸತ್ತಿತ್ತು. ವೇಗವಾಗಿ ಹೋಗುವಾಗ ಗಾಳಿ ತಾನಾಗಿ ನುಗ್ಗುತ್ತದೆ, ತೆವಳುವಾಗ ಫ್ಯಾನೇ ಗತಿ, ಅಲ್ವಾ? ನಾನು ಸುಮ್ನೆ ಕೂಲಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟನ್ನು ಎರಡು ಸಲ ಬದಲಿಸಿದ್ದೆ!

ಎಂಜಿನ್ ಆರುವ ತನಕ ಜೊತೆಗೇ ಕೂತಿರಿ. ನಿಮ್ಮ ಕ್ಯಾನಿನ ನೀರನ್ನೇ ಸುರಿದಿರಿ. ಹೀಟರ್ ಪೂರ್ತಿ ಹಾಕಿಕೊಂಡು ಹೋಗಿ, ಅದೂ ಒಂದು ಚಿಕ್ಕ ರೇಡಿಯೇಟರೇ ಎಂದಿರಿ. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಮನೆ ಸೇರಿದೆ. ಮುಳ್ಳು ಮಾತ್ರ ಮಧ್ಯ ದಾಟಲಿಲ್ಲ.

ಹೊಸ ಕ್ಲಚ್ ಹಾಕಿಸಿದ್ದೇನೆ. ಮೊನ್ನೆ ಅದೇ ಏರು ಹತ್ತಿದೆ. ನಿಮ್ಮ ಕ್ಯಾನ್ ಇನ್ನೂ ನನ್ನ ಗಾಡಿಯಲ್ಲೇ ಇದೆ. ತುಂಬಿಸಿಟ್ಟಿದ್ದೇನೆ.