ನನ್ನ ತಲೆ ಮತ್ತೆ ಓಡುವಂತೆ ಮಾಡಿದವರಿಗೆ

ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ಶುರು ಮಾಡಿ ಒಂದು ವರ್ಷ ತುಂಬಿತು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ ಅಂತ ವರದಿ ಬಂದಿದೆ. ನನಗೆ ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದು. ಪ್ರಿನ್ಸೆಸ್ ಕಟ್ ಬ್ಲೌಸನ್ನು ಈಗ ಮತ್ತೆ ನಾನೇ ಕತ್ತರಿಸುತ್ತಿದ್ದೇನೆ. ಹೊಲಿಗೆ ಗೊತ್ತಿರುವವರಿಗೆ ಅದರ ಬೆಲೆ ಗೊತ್ತು ಅಲ್ವಾ?

ಹೆಸರು ಹಾಕಿಲ್ಲ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳಬಾರದು ಅಂತ 2017ರ ಕಾಯ್ದೆ ಇದೆ. ಎಷ್ಟು ಹೇಳಬೇಕು ಅನ್ನುವುದು ನನ್ನ ಇಷ್ಟ. ಎಲ್ಲಿಂದ ಬಂತು ಅಂತ ಹುಡುಕುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಮೊದಲ ಥ್ಯಾಂಕ್ಸ್ ನನ್ನ ನಾದಿನಿಗೆ. ಯಜಮಾನರು ಹೋದ ಮೇಲೆ ನಾನು ದಿನೇದಿನೇ ನಿಧಾನವಾದೆ. ಟೇಪು ಹಿಡಿದು ಅಳತೆ ತೆಗೆದರೆ, ಪುಸ್ತಕಕ್ಕೆ ಬರೆಯುವಷ್ಟರಲ್ಲಿ ಮರೆತಿರುತ್ತಿತ್ತು. ಬಾಬಿನ್ ಹಾಕಿ, ಮುಂದೇನು ಅಂತ ಸುಮ್ನೆ ಕೂತುಬಿಡುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಉತ್ತರ ಬಾಯಿಗೆ ಬರಲು ಹೊತ್ತು ಹಿಡಿಯುತ್ತಿತ್ತು. ನಡೆಯುವಾಗ ಕಾಲು ತೊಡರುತ್ತಿತ್ತು. ಕೆಲವರು ದುಃಖ ಅಂದರು, ಕೆಲವರು ಸೋಮಾರಿತನ ಅಂದರು. ಒಂದು ಕ್ಲಿನಿಕ್‌ನಲ್ಲಿ ನಿದ್ದೆ ಮಾತ್ರೆ ಕೊಟ್ಟರು. ಇನ್ನಷ್ಟು ಮಂಕಾದೆ. "ಅತ್ತಿಗೆ ಅಳ್ತಾ ಅಳ್ತಾನೇ ಮಿಷನ್ ತುಳಿದೋರು. ಇದು ದುಃಖ ಅಲ್ಲ, ಬೇರೇನೋ ಇದೆ" ಅಂತ ಹಠ ಹಿಡಿದವಳು ಅವಳೊಬ್ಬಳೇ. ಜಿಲ್ಲಾ ಆಸ್ಪತ್ರೆಗೆ ಎಳೆದುಕೊಂಡು ಹೋದವಳೂ ಅವಳೇ.

ಅಲ್ಲಿನ ಡಾಕ್ಟರಮ್ಮ ನನ್ನ ಮುಖ ನೋಡಿ ಏನೂ ತೀರ್ಮಾನ ಮಾಡಲಿಲ್ಲ. "ಮುಂಚೆ ಒಂದು ಲೈನಿಂಗ್ ಬ್ಲೌಸ್ ಎಷ್ಟು ಹೊತ್ತಲ್ಲಿ ಹೊಲೀತಿದ್ರಿ, ಈಗ ಎಷ್ಟು ಹೊತ್ತು ಬೇಕು?" ಅಂತ ಕೇಳಿದರು. ಆಮೇಲೆ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿ, ನನ್ನ ಒಪ್ಪಿಗೆ ಪಡೆದು ಎಚ್‌ಐವಿ ಪರೀಕ್ಷೆ ಮಾಡಿಸಿದರು. ಆ ಮೇಡಂಗೂ ನನ್ನ ನಮಸ್ಕಾರ. ಕೇಳಬೇಕಾದ್ದಷ್ಟೇ ಕೇಳಿದರು, ಕಥೆ ಕೆದಕಲಿಲ್ಲ. ಮಗಳನ್ನೂ ಪರೀಕ್ಷೆ ಮಾಡಿಸಿದರು, ಅವಳಿಗಿಲ್ಲ.

ಫಲಿತಾಂಶ ಬಂದ ಮೇಲೆ ಡಾಕ್ಟರಮ್ಮ ಒಂದು ಸಣ್ಣ ಪರೀಕ್ಷೆ ಮಾಡಿದರು. ನಾಯಿ, ಟೋಪಿ, ಹುರುಳಿಕಾಯಿ, ಕೆಂಪು: ಇಷ್ಟನ್ನು ನೆನಪಿಡಿ ಅಂದರು. ಎಡಗೈಯ ಎರಡು ಬೆರಳನ್ನು ಐದು ಸೆಕೆಂಡು ಬೇಗ ಬೇಗ ತಟ್ಟಬೇಕು. ಮುಷ್ಟಿ, ಅಂಗೈ, ಕೈಯ ಅಂಚು ಅಂತ ಮೇಜಿನ ಮೇಲೆ ಸಾಲಾಗಿ ಇಡಬೇಕು. ಆಮೇಲೆ ಆ ನಾಲ್ಕು ಪದ ಹೇಳಬೇಕು. ಒಟ್ಟು 12 ಅಂಕ. 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನೂ ಸರಿಯಾಗಿ ನೋಡಬೇಕು ಅಂತ ಅರ್ಥ. ನನಗೆ 7 ಬಂತು. ಆದರೆ "ಒಂದು ತರಕಾರಿ" ಅಂತ ಸುಳಿವು ಕೊಟ್ಟರೆ ಹುರುಳಿಕಾಯಿ ಥಟ್ಟನೆ ಬಂತು. ನೆನಪು ಒಳಗೇ ಇದೆ, ಹೊರಗೆ ತರಲು ತಡವಾಗುತ್ತಿದೆ ಅಂದರು. ಎಷ್ಟು ಸಮಾಧಾನವಾಯಿತು ಗೊತ್ತಾ? ನಾನು ದಡ್ಡಿ ಆಗಿಲ್ಲ, ಹುಚ್ಚೂ ಹಿಡಿದಿಲ್ಲ.

ಸಿಡಿ-4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, 100ಕ್ಕಿಂತ ಕೆಳಗಿತ್ತು. ಅಷ್ಟು ಇಳಿದರೆ ಮಿದುಳಿನ ಪೊರೆಗೆ ಬರುವ ಟಿಬಿ ಮೆನಿಂಜೈಟಿಸ್, ಕ್ರಿಪ್ಟೋಕಾಕಸ್ ಅನ್ನುವ ಫಂಗಸ್ಸು, ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಯಾವುದಾದರೂ ಮಿದುಳಿಗೆ ನುಗ್ಗಬಹುದು. ಅವು ಇರುವಾಗ ಅವಸರದಲ್ಲಿ ಎಆರ್‌ಟಿ ಶುರು ಮಾಡಿದರೆ ತಲೆಯೊಳಗೆ ಊತ ಜಾಸ್ತಿಯಾಗುವ ಅಪಾಯವಿದೆ. ಅದಕ್ಕೇ ಎಂಆರ್‌ಐ ಆಯಿತು, ಬೆನ್ನಿನಿಂದ ನೀರು ತೆಗೆದರು, ಥೈರಾಯ್ಡ್, ಬಿ-12 ಎಲ್ಲ ನೋಡಿದರು. ಬೆನ್ನಿಗೆ ಸೂಜಿ ಹಾಕುವಾಗ ನನ್ನ ಕೈ ಹಿಡಿದು ತನ್ನ ಮದುವೆ ಬ್ಲೌಸಿನ ಡಿಸೈನ್ ಕೇಳುತ್ತಾ ನಿಂತ ಸಿಸ್ಟರ್, ನಿಮಗೆ ಒಂದು ಕುಚ್ಚು ನನ್ನ ಕಡೆಯಿಂದ ಫ್ರೀ.

ಬೇರೆ ಕಾಯಿಲೆ ಯಾವುದೂ ಸಿಗಲಿಲ್ಲ. ಎಚ್‌ಐವಿಯದೇ ಕೆಲಸ. ವೈರಸ್ಸು ದೇಹಕ್ಕೆ ಬಂದ ಕೆಲವೇ ವಾರಗಳಲ್ಲಿ ಬಿಳಿ ರಕ್ತಕಣಗಳೊಳಗೆ ಕೂತು ಮಿದುಳಿಗೂ ಹೋಗಬಹುದಂತೆ. ಯೋಚನೆ ಮಾಡುವ ನರಕೋಶಗಳನ್ನು ಅದು ಹೊಕ್ಕುವುದಿಲ್ಲ. ಮಿದುಳನ್ನು ಕಾಯುವ ಮೈಕ್ರೋಗ್ಲಿಯಾ ಅನ್ನುವ ಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಮನೆಯವರನ್ನು ಮುಟ್ಟದೆ ವಾಚ್‌ಮನ್ ಕೋಣೆಯಲ್ಲೇ ಕಳ್ಳ ಬಿಡಾರ ಹೂಡಿದ ಹಾಗೆ. ಆ ಕೋಶಗಳು ಕೆರಳಿ ಉಂಟುಮಾಡುವ ಉರಿಯೂತ, ವೈರಸ್ಸಿನ ಪ್ರೋಟೀನುಗಳು ಎರಡೂ ಸೇರಿ ನರಕೋಶಗಳನ್ನು ಹಾಳು ಮಾಡುತ್ತವೆ. ಮಿದುಳಿನ ಆಳದ ಭಾಗಗಳಿಗೆ ಪೆಟ್ಟು ಜಾಸ್ತಿ. ಕೈಕಾಲು, ಯೋಚನೆ ಎರಡೂ ನಿಧಾನವಾಗುವುದು ಅದಕ್ಕೇ.

ಇದೆಲ್ಲ ಗೊತ್ತಾಗಿದ್ದು ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದ್ದರಿಂದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಿದುಳು ಬ್ಯಾಂಕ್ ಇದೆ. ಎಚ್‌ಐವಿ ಇದ್ದವರ ಮಿದುಳನ್ನೂ ಅಲ್ಲಿ ಅಧ್ಯಯನ ಮಾಡಿದ್ದಾರೆ. ಮನೆಯವರನ್ನು ಕಳೆದುಕೊಂಡ ಹೊತ್ತಲ್ಲೂ ಅದಕ್ಕೆ ಹ್ಞೂಂ ಅಂದ ಕುಟುಂಬಗಳಿಗೆ ಕೈ ಮುಗಿಯುತ್ತೇನೆ. ನನ್ನಿಂದ ಆ ಹೊತ್ತಿನಲ್ಲಿ ಆಗುತ್ತಿರಲಿಲ್ಲ.

ಮಾತ್ರೆ ದಿನಕ್ಕೆ ಒಂದೇ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ ಇವೆ. ಸರ್ಕಾರ 2004ರಿಂದ ಎಆರ್‌ಟಿ ಉಚಿತವಾಗಿ ಕೊಡುತ್ತಿದೆ. ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೆಂಟರ್‌ನಲ್ಲಿ ಸಿಕ್ಕ, ನನ್ನಂತೆಯೇ ಸೋಂಕಿರುವ ಒಬ್ಬ ಅಕ್ಕ ಮುಂಚೆ ಕೊಡುತ್ತಿದ್ದ ಎಫಾವಿರೆಂಜ್ ಅನ್ನುವ ಮಾತ್ರೆಯ ಕಾಲದ ತಲೆಸುತ್ತು, ವಿಚಿತ್ರ ಕನಸುಗಳ ಕಥೆ ಹೇಳಿ ನಗಿಸುತ್ತಿದ್ದರು. ಮೊದಲ ತಿಂಗಳುಗಳಲ್ಲಿ ದಿನಾ ಫೋನ್ ಮಾಡಿ "ನುಂಗಿದ್ಯೇನೇ?" ಅಂತ ಕೇಳುತ್ತಿದ್ದರು. ಮರೆವಿರುವವಳಿಗೆ ಮರೆಯದೆ ಮಾತ್ರೆ ತಗೋ ಅನ್ನುವುದು ಎಂಥ ಶಿಕ್ಷೆ ಅಂತ ಅವರಿಗೆ ಗೊತ್ತಿತ್ತು.

ಎಲ್ಲ ಮೊದಲಿನ ಹಾಗಾಗಿಲ್ಲ. ಕತ್ತರಿಸುವಾಗ ಮಾತಾಡಿದರೆ ಈಗಲೂ ಗೆರೆ ತಪ್ಪುತ್ತದೆ, ರೇಡಿಯೋ ಕೂಡ ಆಫ್. ಔಷಧಿ ಬಂದ ಮೇಲೆ ತೀರಾ ಬುದ್ಧಿ ಹೋಗುವವರು ಕಡಿಮೆಯಾದರೂ, ಇಂಥ ಸಣ್ಣ ತೊಂದರೆ ಬಹಳ ಜನಕ್ಕೆ ಉಳಿಯುತ್ತದಂತೆ. ಮಗಳು ಗಿರಾಕಿಗಳ ಅಳತೆಯನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾಳೆ. ಅವಳಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ.

ಕಡೆಯದಾಗಿ, ಹುಷಾರಿಲ್ಲದ ದಿನಗಳಲ್ಲಿ ನಾನು ಎಡ ತೋಳನ್ನು ಬಲಕ್ಕೆ ಹೊಲಿದ ಹಸಿರು ರೇಷ್ಮೆ ಬ್ಲೌಸನ್ನು ಒಂದು ಮಾತೂ ಆಡದೆ, ಪೂರ್ತಿ ಕೂಲಿ ಕೊಟ್ಟು ತೆಗೆದುಕೊಂಡು ಹೋದ ಅಕ್ಕನಿಗೆ. ಇದನ್ನು ಓದಿದರೆ ನಾನ್ಯಾರು ಅಂತ ನಿಮಗೆ ಗೊತ್ತಾಗಿಬಿಡುತ್ತದೆ, ಪರವಾಗಿಲ್ಲ. ಬ್ಲೌಸ್ ತನ್ನಿ. ಬಿಚ್ಚಿ ಸರಿಮಾಡಿ ಕೊಡುತ್ತೇನೆ, ದುಡ್ಡು ಬೇಡ.