ತಪ್ಪು ಲೆಕ್ಕ ಶಾಲೆಗೆ ಹೋಗಲಿ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದ.

ಪುಟ್ಟಿಯನ್ನು ಟ್ಯೂಷನ್‌ಗೆ ಸೇರಿಸಲು ಮುಂಗಡ ಕಟ್ಟಿದ್ದೇನೆ ಎಂದು ನಿನ್ನೆ ನೀನು ಕಳುಹಿಸಿದ ಸಂದೇಶ ನೋಡಿದೆ. ಎರಡನೇ ತರಗತಿಯ ಮಗುವಿಗೆ ಟ್ಯೂಷನ್! ಫೋನಿನಲ್ಲಿ ಈ ಮಾತು ತೆಗೆದರೆ ಮತ್ತೆ ಜಗಳವಾಗುತ್ತದೆ, ಅದಕ್ಕೇ ಕಾಗದ ಹಿಡಿದಿದ್ದೇನೆ. ನಾನು ಅಲ್ಲಿಗೆ ಬಂದಿದ್ದಾಗ ಪುಟ್ಟಿಯ ಹೋಂವರ್ಕಿನ ವಿಷಯಕ್ಕೆ ಜಗಳವಾದ ಆ ರಾತ್ರಿ ಯಾರು ಯಾರಿಗೆ ಏನೆಂದರು ಎಂಬುದು ಇಬ್ಬರಿಗೂ ಗೊತ್ತು, ಅದನ್ನು ಬರೆಯುವುದಿಲ್ಲ. ಮಗುವಿನ ಎದುರಿಗೆ ನಿನ್ನ ಮೇಲೆ ದನಿ ಎತ್ತಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆದರೆ ಹೇಳಿದ ವಿಷಯವನ್ನು ನಾನು ಬಿಡುವವಳಲ್ಲ.

ಆ ಲೆಕ್ಕ ನನ್ನ ತಲೆಯಿಂದ ಇಳಿಯುತ್ತಿಲ್ಲ. 42ರಲ್ಲಿ 17 ಕಳೆಯಬೇಕು. ಪುಟ್ಟಿ 35 ಎಂದು ಬರೆದಳು. ‘ತಪ್ಪು, ಅಳಿಸು’ ಎಂದೆ ನೀನು. ಅಳಿಸಿ, ಬೆರಳು ಎಣಿಸಿ, ಮತ್ತೆ 35 ಎಂದೇ ಬರೆದಳು. ಮತ್ತೆ ಅಳಿಸು ಎಂದೆ. ಹಾಳೆ ಹರಿಯಿತು. ನೀನು ಪೆನ್ಸಿಲ್ ಕಸಿದುಕೊಂಡು ಹೊಸ ಪುಟದಲ್ಲಿ ಲೆಕ್ಕವನ್ನೆಲ್ಲ ನೀನೇ ಬರೆದೆ, ಮಗುವಿನ ಅಕ್ಷರದ ಹಾಗೆ ಕಾಣಲೆಂದು ಎಡಗೈಯಲ್ಲಿ ಬರೆದೆ. ಪುಟ್ಟಿ ಅದನ್ನು ನೋಡುತ್ತ ಕುಳಿತಿದ್ದಳು. ಅಳಲೂ ಇಲ್ಲ.

ಆ 35 ಎಲ್ಲಿಂದ ಬಂತು ಎಂದು ಅವಳನ್ನು ಯಾರಾದರೂ ಕೇಳಿದೆವೆ? ಮರುದಿನ ಬೆಳಿಗ್ಗೆ ಜಡೆ ಹೆಣೆಯುವಾಗ ನಾನು ಕೇಳಿದೆ. ‘ಅಜ್ಜಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಮಿಸ್ ಹೇಳಿದ್ದಾರೆ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು’ ಎಂದಳು. ನೋಡು, ಅವಳು ಯೋಚನೆ ಮಾಡಿಯೇ ಬರೆದದ್ದು. ಕಲಿಸಿದ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದಾಳೆ. ನಾನು ಶಿಕ್ಷಕಿಯಾಗಿ ತರಗತಿಯಲ್ಲಿ ಇದ್ದಷ್ಟು ಕಾಲವೂ ಪ್ರತಿ ವರ್ಷ ಕೆಲವು ಮಕ್ಕಳು ಇದೇ 35 ಬರೆಯುತ್ತಿದ್ದರು. ಅಂತಹ ಉತ್ತರ ಕಂಡರೆ ನನಗೆ ಖುಷಿಯಾಗುತ್ತಿತ್ತು, ಎಲ್ಲಿಂದ ಹಿಡಿದು ಕಲಿಸಬೇಕು ಎಂದು ಅದೇ ಹೇಳುತ್ತದೆ. ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ ಕೊಟ್ಟು ‘ಏಳು ಬಿಡಿ ಕೊಡು’ ಎಂದು ಕೇಳಿದರೆ ಸಾಕು. ಮಗು ಸ್ವಲ್ಪ ಹೊತ್ತು ತಡಕಾಡುತ್ತದೆ, ಆಮೇಲೆ ತಾನೇ ಒಂದು ಕಟ್ಟು ಬಿಚ್ಚುತ್ತದೆ. ಕಟ್ಟು ಬಿಚ್ಚಿದ ಮಗುವಿಗೆ ಆ ಲೆಕ್ಕ ಮತ್ತೆ ಮರೆಯುವುದಿಲ್ಲ.

ಈಗ ಪುಟ್ಟಿಯ ಟೀಚರ ಕಡೆಯಿಂದ ಯೋಚಿಸು. ಅವರ ಮೇಜಿಗೆ ಹೋದದ್ದು ನೀನು ಬರೆದ 25. ಅವರು ಸರಿ ಗುರುತು ಹಾಕಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಇಡೀ ತರಗತಿಯ ತಾಯಂದಿರು ಹೀಗೆ ತಿದ್ದಿ ಕಳುಹಿಸಿದರೆ ಅವರಿಗೆ ಯಾವ ಮಗು ಎಲ್ಲಿ ನಿಂತಿದೆ ಎಂದು ತಿಳಿಯುವುದಾದರೂ ಹೇಗೆ? ಅದಕ್ಕೇ ಹೇಳುತ್ತೇನೆ, ಮಗು ಮಾಡಿದ ತಪ್ಪು ಹಾಗೆಯೇ ಶಾಲೆಗೆ ಹೋಗಲಿ. ಕೆಳಗೆ ಒಂದು ಸಾಲು ಬರೆ: ‘ಈ ಲೆಕ್ಕ ಅವಳಿಗೆ ಅರ್ಥವಾಗಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿಕೊಡಿ.’ ಡೈರಿಯಲ್ಲಿ ಕೆಂಪು ಶಾಯಿಯ ಷರಾ ಬರುತ್ತದೆ ಎಂಬ ಹೆದರಿಕೆ ನಿನಗೆ. ಬರಲಿ. ನೀನು ಒಂದು ಯೋಜನೆಯನ್ನೇ ನಡೆಸುವ ಎಂಜಿನಿಯರ್, ಏಳು ವರ್ಷದ ಮಗುವಿನ ಡೈರಿಗೆ ನಡುಗುತ್ತೀಯ. ನನಗೆ ಸಂಕಟವಾಗುವುದು ಅದಕ್ಕೆ.

ನಿನ್ನ ದಿನ ಹೇಗಿರುತ್ತದೆ ಎಂದು ಕಣ್ಣಾರೆ ನೋಡಿದ್ದೇನೆ. ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಚಪ್ಪಲಿ ಬಿಡುವಷ್ಟರಲ್ಲಿ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನಾಳೆಗೆ ಥರ್ಮಾಕೋಲಿನ ಮನೆ’ ಎಂದು ಬಂದಿರುತ್ತದೆ. ಅಳಿಯಂದಿರು ಅಂಗಡಿಗೆ ಓಡುತ್ತಾರೆ, ನೀನು ಕತ್ತರಿಸುತ್ತೀಯ, ಅಂಟಿಸುತ್ತೀಯ, ಮಗು ಸೋಫಾದ ಮೇಲೆ ಹಾಗೆಯೇ ನಿದ್ದೆ ಹೋಗಿರುತ್ತದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ನಿನಗಿಂತ ಹೆಚ್ಚು ಸಿಟ್ಟು ಆ ಶಾಲೆಯ ಮೇಲಿದೆ. ನಿಯಮ ಅವರಿಗೂ ಗೊತ್ತಿರುತ್ತದೆ. ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು, ಆ ಮಕ್ಕಳ ಚೀಲ 2 ಕೆ.ಜಿ. ಮೀರಬಾರದು ಎಂದು ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಸುತ್ತೋಲೆ ಹೊರಡಿಸಿತು. ಕೇಂದ್ರದ 2020ರ ಶಾಲಾ ಚೀಲ ನೀತಿಯಲ್ಲಿಯೂ ಎರಡನೇ ತರಗತಿಯವರೆಗೆ ಹೋಂವರ್ಕ್ ಇಲ್ಲ, ಮೂರರಿಂದ ಐದನೆಯದಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಹೋಂವರ್ಕಿನ ಬದಲು, ಸಂಜೆ ಏನು ಆಡಿದೆ, ಏನು ತಿಂದೆ ಎಂದು ಮಕ್ಕಳಿಂದ ತರಗತಿಯಲ್ಲಿ ಮಾತನಾಡಿಸಿ ಎಂದು ಅದರಲ್ಲಿ ಬರೆದಿದೆ. ಹಾಗೆ ಕೇಳಿದರೆ ನಮ್ಮ ಪುಟ್ಟಿ ಏನು ಹೇಳಬೇಕು?

ಇದು ನಿನ್ನೆ ಮೊನ್ನೆಯ ಸಂಕಟವೂ ಅಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿದ್ದಾಗ, 1989ರಲ್ಲಿ, ಈ ಮಕ್ಕಳ ಚೀಲದ ಭಾರದ ಬಗ್ಗೆಯೇ ಭಾಷಣ ಮಾಡಿದರು. ಶಾಲೆಯಿಂದ ಬಂದ ಮಗುವಿಗೆ ಆಟವಿಲ್ಲ, ಬಾಯಿಗೆ ತಿಂಡಿ ತುರುಕಿ ಪಾಠಕ್ಕೋ ಹೋಂವರ್ಕಿಗೋ ಕೂರಿಸಲು ತಾಯಿ ಬಾಗಿಲಲ್ಲೇ ಕಾದಿರುತ್ತಾಳೆ ಎಂದು ನೊಂದುಕೊಂಡರು. ಆಮೇಲೆ ಮಕ್ಕಳ ಮೇಲಿನ ಕಲಿಕೆಯ ಹೊರೆಯನ್ನು ಪರಿಶೀಲಿಸಲು ಕೇಂದ್ರ ನೇಮಿಸಿದ ಯಶಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರ ಕೆಟ್ಟದ್ದು ಎಂದಿತು. ಪುಟ್ಟಿಯ ಆ ಹರಿದ ಹಾಳೆಯ ಮೇಲೆ ಇದ್ದದ್ದು ಆ ಭಾರವೇ.

ನೀನು ಕಲಿತದ್ದು ಹೇಗೆ ಎಂಬುದನ್ನು ನಿನಗೆ ನೆನಪಿಸಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಮಕ್ಕಳು ಆಡುತ್ತ ಕಾರ್ಡುಗಳಿಂದ ಕಲಿಯುವ ನಲಿಕಲಿ ಶುರುವಾದಾಗ ನನ್ನ ತರಗತಿಯ ಚಾಪೆಯ ಮೇಲೆ ನೀನೂ ಇದ್ದೆ. ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕುಳಿತು ಬರೆದ ಕಾರ್ಡುಗಳು ಅವು. ಆಗಲೂ ಪೋಷಕರು ಶಾಲೆಯ ಬಾಗಿಲಿಗೆ ಬಂದು ‘ಮೇಡಂ, ಬರೀ ಆಡಿಸುತ್ತೀರಿ, ಮನೆಗೆ ಏನೂ ಬರೆಯಲು ಕೊಡುವುದಿಲ್ಲ’ ಎಂದು ಗದರುತ್ತಿದ್ದರು. ಒಳಗೆ ಕೂರಿಸಿ ಅವರ ಮಕ್ಕಳಿಂದಲೇ ಕಾರ್ಡು ಓದಿಸುತ್ತಿದ್ದೆ. ಮನೆಯಲ್ಲಿ ಒಂದಕ್ಷರ ಹೇಳಿಕೊಡುವವರು ಇಲ್ಲದ ಮಕ್ಕಳು ಅಲ್ಲಿ ಎಷ್ಟೋ ಜನ. ಕಲಿಕೆಯನ್ನು ಮನೆಗೆ ಕಟ್ಟಿ ಕಳುಹಿಸಿದರೆ ಅಂತಹ ಮಗು ಎಲ್ಲಿಗೆ ಹೋಗಬೇಕು? ಕಲಿಸುವುದು ಶಾಲೆಯ ಕೆಲಸ. ಆ ತಾಲ್ಲೂಕಿನ ಸರ್ಕಾರಿ ಶಾಲೆಯಿಂದ ಹೋಗಿ ನೀನು ಇವತ್ತು ಕುಳಿತಿರುವ ಕುರ್ಚಿಯನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ. ನಿನ್ನ ಮುಂದೆ ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ನನಗಿರುವ ಹೆದರಿಕೆಯನ್ನೂ ಬರೆದುಬಿಡುತ್ತೇನೆ. ನಾನು ಹೊರಡುವ ಹಿಂದಿನ ಸಂಜೆ ಪುಟ್ಟಿ ಇನ್ನೊಂದು ಲೆಕ್ಕ ಮಾಡುತ್ತಿದ್ದಳು. ಉತ್ತರ ಬರೆಯುವ ಮೊದಲು ನಿನ್ನ ಮುಖ ನೋಡಿದಳು. ಪೆನ್ಸಿಲ್ ಹಾಳೆಗೆ ತಾಗಿಸುತ್ತಾಳೆ, ನಿನ್ನ ಹುಬ್ಬು ನೋಡುತ್ತಾಳೆ, ತೆಗೆಯುತ್ತಾಳೆ. ಧೈರ್ಯವಾಗಿ 35 ಎಂದು ಎರಡೆರಡು ಸಲ ಬರೆದ ಮಗು ಅದು. ಇನ್ನು ಟ್ಯೂಷನ್‌ನಲ್ಲಿ ಬೇರೆಯವರ ಹುಬ್ಬು ನೋಡುವುದನ್ನು ಕಲಿಯುತ್ತದೆ. ಹೀಗೆ ಮುಖ ನೋಡಿ ಉತ್ತರ ಹೇಳುವ ಮಕ್ಕಳನ್ನು ಏಳನೇ ತರಗತಿಯಲ್ಲಿ ಕಂಡಿದ್ದೇನೆ. ಅವರನ್ನು ಬಾಯಿ ಬಿಡಿಸಲು ಒಂದು ಇಡೀ ವರ್ಷ ಸಾಲುತ್ತಿರಲಿಲ್ಲ. ಪುಟ್ಟಿ ಹಾಗಾಗಬಾರದು.

ಪಾಠ ಹೇಳುವ ಅಭ್ಯಾಸ, ಕಾಗದ ಉದ್ದವಾಯಿತು. ನೀನು ಮಾಡಬೇಕಾದದ್ದು ಇಷ್ಟು. ಸುತ್ತೋಲೆಯ ಪ್ರತಿ ಹಿಡಿದು ನೀವಿಬ್ಬರೂ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಒಬ್ಬರೇ ಹೋದರೆ ಕೇಳುವುದಿಲ್ಲ, ಆ ವಾಟ್ಸ್ಆ್ಯಪ್ ಗುಂಪಿನ ತಾಯಂದಿರಲ್ಲಿ ನಿನ್ನಷ್ಟೇ ದಣಿದವರು ಇದ್ದೇ ಇರುತ್ತಾರೆ, ಕರೆದುಕೊಂಡು ಹೋಗು. ಟೀಚರ ಮೇಲೆ ಹರಿಹಾಯಬೇಡ, ಆ ಹುಡುಗಿಗೆ ಮೇಲಿನಿಂದ ಬಂದ ಆಜ್ಞೆ ಅದು. ರಾತ್ರಿ ಒಂಬತ್ತಕ್ಕೆ ಪುಸ್ತಕ ಮುಚ್ಚಿಸು, ಮುಗಿದಿರಲಿ ಬಿಡಲಿ.

ದಸರಾ ರಜೆಗೆ ಪುಟ್ಟಿಯನ್ನು ಇಲ್ಲಿಗೆ ಕಳುಹಿಸು. ರಜೆಯ ಹೋಂವರ್ಕಿನ ಕಟ್ಟು ಅಲ್ಲೇ ಇರಲಿ. ಟ್ಯೂಷನ್‌ನವರು ಮುಂಗಡ ವಾಪಸು ಕೊಡದಿದ್ದರೆ ಎಷ್ಟೆಂದು ಬರೆ, ಪಿಂಚಣಿ ಬಂದ ದಿನವೇ ನಿನ್ನ ಖಾತೆಗೆ ಹಾಕಿಸುತ್ತೇನೆ.

ಇಂತಿ,
ಅಮ್ಮ