ಅಜ್ಜನ ಸ್ಕ್ಯಾನ್ ವಿಷಯ

ಟುರ್ಕು, ಫಿನ್‌ಲ್ಯಾಂಡ್

ಅಮ್ಮ,

ನಾನು ಚೆನ್ನಾಗಿದ್ದೇನೆ. ಚಳಿ ಜಾಸ್ತಿ. ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

"ನಿಮ್ಮ ಮಷೀನಲ್ಲಿ ಅಜ್ಜನ ತಲೆ ಒಂದ್ಸಲ ನೋಡಿದ್ರೆ ಮರೆವು ಯಾಕೆ ಅಂತ ಗೊತ್ತಾಗಲ್ವಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಆಗ ಏನೋ ಹೇಳಿ ಇಟ್ಟುಬಿಟ್ಟೆ.

ಪಕ್ಕದ ಮನೆ ಅಂಕಲ್‌ಗೆ ಕ್ಯಾನ್ಸರ್ ಅಂತ ಪೆಟ್ ಸ್ಕ್ಯಾನ್ ಮಾಡಿದ್ದರಲ್ಲ, ಮಷೀನು ಅದೇ ಥರದ್ದು. ಇಂಜೆಕ್ಷನ್ ಬೇರೆ. ಅವರಿಗೆ ಕೊಟ್ಟದ್ದು ಸಕ್ಕರೆಯಂಥ ವಸ್ತು. ಮಿದುಳು ಹೇಗೂ ಸದಾ ಸಕ್ಕರೆ ತಿನ್ನುತ್ತಿರುತ್ತದೆ. ನಾವು ಹುಡುಕುವುದು ಮಿದುಳಿನ ಉರಿಯೂತ, ಆ ಸಕ್ಕರೆಯ ನಡುವೆ ಅದು ಕಾಣುವುದು ಕಷ್ಟ. ನಮ್ಮದು ಟಿಎಸ್‌ಪಿಒ ಎಂಬ ಪ್ರೋಟೀನಿಗೆ ಅಂಟುತ್ತದೆ. ಮಿದುಳಿಗೆ ಪೆಟ್ಟೋ ಸೋಂಕೋ ಆದರೆ ಮೈಕ್ರೋಗ್ಲಿಯಾ ಎಂಬ ಜೀವಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಆಗ ಈ ಪ್ರೋಟೀನು ಹೆಚ್ಚುತ್ತದೆ.

ಇಂಜೆಕ್ಷನ್‌ನದೇ ದೊಡ್ಡ ಪಾಡು. ಅದರಲ್ಲಿರುವ ಕಾರ್ಬನ್-11 ಎಂಬ ವಿಕಿರಣ ಸೂಸುವ ವಸ್ತು ಪ್ರತಿ 20 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ. ಗಂಟೆ ಕಳೆದರೆ ಎಂಟನೇ ಒಂದು ಪಾಲು. ಮಲ್ಲೇಶ್ವರದಲ್ಲಿ ತಯಾರಿಸಿ ಜಯನಗರಕ್ಕೆ ಕಳಿಸಿದರೆ ಸಿಗ್ನಲ್‌ನಲ್ಲೇ ಕತೆ ಮುಗಿಯಿತು! ಅದಕ್ಕೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಎಂಬ ಯಂತ್ರ ಹತ್ತಿರದಲ್ಲೇ ಇರಬೇಕು. ಅದರ ಬದಲು ಫ್ಲೋರಿನ್-18 ಆದರೆ ಅರ್ಧವಾಗಲು ಸುಮಾರು 110 ನಿಮಿಷ, ಸ್ವಲ್ಪ ಉಸಿರಾಡಬಹುದು.

ಇನ್ನೊಂದು ತಮಾಷೆ. ಒಂದು ಜೀನ್‌ನಲ್ಲಿ ಒಂದೇ ಅಕ್ಷರ ಬೇರೆಯಿದ್ದರೂ ಇಂಥ ಕೆಲವು ಇಂಜೆಕ್ಷನ್ ಕೆಲವರಲ್ಲಿ ಆ ಪ್ರೋಟೀನಿಗೆ ಸರಿಯಾಗಿ ಅಂಟುವುದಿಲ್ಲ. ಮೊದಲೇ ರಕ್ತ ನೋಡುತ್ತಾರೆ. ಆರೋಗ್ಯವಂತರ ಗುಂಪಿಗೆ ನಾನೂ ಹೆಸರು ಕೊಟ್ಟಿದ್ದೆ, ಫೇಲಾದೆ. ಅಪ್ಪನಿಗೆ ಹೇಳಬೇಡ, ನಗುತ್ತಾರೆ.

ಈಗ ಅಜ್ಜನ ವಿಷಯ. ನಮ್ಮ ಮನೆ ಮಹಡಿಯಿಂದ ನೋಡಿದರೆ ರಸ್ತೆ ಕೊನೆಯಲ್ಲಿ ಜನ ಸೇರಿರುವುದು ಕಾಣುತ್ತದೆ. ಜಗಳಕ್ಕೋ, ಜಗಳ ಬಿಡಿಸುವುದಕ್ಕೋ ಗೊತ್ತಾಗುವುದಿಲ್ಲ ಅಲ್ವಾ? ಈ ಸ್ಕ್ಯಾನೂ ಅಷ್ಟೇ. ಮೈಕ್ರೋಗ್ಲಿಯಾ ಕಸ ಗುಡಿಸುತ್ತಿವೆಯೋ ಹಾಳು ಮಾಡುತ್ತಿವೆಯೋ ಹೇಳುವುದಿಲ್ಲ. ಬೇರೆ ಜೀವಕೋಶಗಳಲ್ಲೂ ಆ ಪ್ರೋಟೀನು ಇದೆ. ಅಲ್ಝೈಮರ್ ಇರುವ ತುಂಬಾ ಜನರನ್ನು ಒಟ್ಟಿಗೆ ನೋಡಿದಾಗ ವ್ಯತ್ಯಾಸ ಕಾಣುತ್ತದೆ. ಒಬ್ಬ ಅಜ್ಜನ ಚಿತ್ರ ನೋಡಿ ಇಂಥದ್ದೇ ಅನ್ನಲಾಗುವುದಿಲ್ಲ. ಸಂಶೋಧನೆಗೆ ಸರಿ, ನಮಗೆ ಉತ್ತರ ಸಿಗುವುದಿಲ್ಲ.

ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಬಿ12, ಥೈರಾಯ್ಡ್ ನೋಡಿದ್ದಾರಾ ಅಂತ ಕೇಳು, ಅವು ಕಡಿಮೆಯಾದರೂ ಮರೆವು ಬರುತ್ತದೆ. ನಿದ್ದೆ ಮಾತ್ರೆ ಸೇರಿಸಿ ಎಲ್ಲ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗು. ಹೊಸೂರು ರಸ್ತೆ ಗೊತ್ತಲ್ಲ, ಬೆಳಗ್ಗೆ ಬೇಗ ಹೊರಡಿ. ಅಜ್ಜನಿಗೆ ತಿಂಡಿ ಕಟ್ಟಿಕೊಂಡೇ ಹೋಗು.

ನಿನ್ನ,
ಸುಧಾ